ಸ್ವಲ್ಪ ಮೆಲ್ಲಗೆ

ಹೆಣ್ಣು ನೋಡಲು ಬಂದವರು ಗೇಟಿನ ತನಕ ಬಂದು, ಗೇಟಿಗೆ ಕೈಯಿಟ್ಟು, ಹಾಗೇ ವಾಪಸ್ಸು ಹೋದರು. ಒಳಗೆ ಉಪ್ಪಿಟ್ಟು ಇಳಿಸಿ, ಕೇಸರಿಬಾತಿಗೆ ಗೋಡಂಬಿ ಹಾಕಿ, ಹೊಸ ಟವೆಲು ನೇತುಹಾಕಿ ಕಾಯುತ್ತಿದ್ದ ಪುಷ್ಪಲತಾಗೆ ಇದು ಗೊತ್ತಾದದ್ದು ಒಂದೂವರೆ ಗಂಟೆ ಕಳೆದ ಮೇಲೆ, ಅದೂ ಫೋನಿನಲ್ಲಿ. ಸಂಬಂಧ ತಂದಿದ್ದ ಮರುಳಪ್ಪನವರು ಸುತ್ತಿ ಬಳಸಿ ಕೊನೆಗೆ ವಿಷಯಕ್ಕೆ ಬಂದರು. “ತಪ್ಪು ತಿಳ್ಕೋಬೇಡಿ ತಾಯಿ. ಒಳಗೆ ಏನೋ ಜಗಳ ನಡೀತಿತ್ತಂತೆ. ಸಮಯ ಸರಿಯಿಲ್ಲ ಅಂತ ಹಿಂದಕ್ಕೆ ಹೋದ್ರಂತೆ.”

ಜಗಳವಂತೆ. ಆ ಹೊತ್ತಿಗೆ ಬೇಲೂರಿನ ಆ ಮನೆಯಲ್ಲಿದ್ದವರು ಮೂವರು. ಗಂಡ ಬಸವಕುಮಾರ ಪಡಸಾಲೆಯಲ್ಲಿ ಕುರ್ಚಿ ಜೋಡಿಸುತ್ತಿದ್ದ. ಮಗಳು ಶಿಲ್ಪಶ್ರೀ ಒಲೆಯ ಮುಂದೆ ನಿಂತು ಮೊಬೈಲು ನೋಡುತ್ತಿದ್ದಳು. ಹಿತ್ತಲಲ್ಲಿ ಕರಿಬೇವು ಕೀಳುತ್ತಿದ್ದ ಪುಷ್ಪಲತಾ ಕಿಟಕಿಯಲ್ಲಿ ಇಣುಕಿ ಹೇಳಿದ್ದು ಇಷ್ಟೇ: “ಹಾಲು ಉಕ್ತಾ ಐತೆ ಕಣೇ, ಉರಿ ಸಣ್ಣಗೆ ಮಾಡು.” ಬೈದದ್ದಲ್ಲ, ಗದರಿದ್ದಲ್ಲ, ಅವಳ ಮಟ್ಟಿಗೆ ಅದು ಮಾಮೂಲಿ ಮಾತು. ಆ ಮಾಮೂಲಿ ಮಾತು ಅಡುಗೆಮನೆ ದಾಟಿ, ಪಡಸಾಲೆ ದಾಟಿ, ಗೇಟಿಗೆ ಹೋಗಿ ಕಡೂರು ಕಡೆಯ ಆ ದೊಡ್ಡ ಮನುಷ್ಯರ ಕಿವಿಗೆ ಜಗಳವಾಗಿ ಬಿದ್ದಿತ್ತು.

ಸಂಬಂಧ ಹೋದದ್ದಕ್ಕೆ ಅವಳಿಗೆ ಎಳ್ಳಷ್ಟೂ ಬೇಜಾರಾಗಲಿಲ್ಲ. ಗೇಟಿನಲ್ಲಿ ನಿಂತು ಕದ್ದು ಕೇಳಿ, ಒಳಗೆ ಏನಾಯಿತು ಎಂದು ವಿಚಾರಿಸದೆ ಓಡಿಹೋಗುವ ಜನ ಅವಳಿಗೂ ಬೇಕಿರಲಿಲ್ಲ. ಮೈ ಉರಿದದ್ದು ಗಂಡನನ್ನು ಕಂಡು. ಅವನು ಆ ಜನರ ಬಗ್ಗೆ ಒಂದು ಮಾತು ಆಡಲಿಲ್ಲ. ಫೋನು ಮೇಜಿನ ಮೇಲಿಟ್ಟು, ಕನ್ನಡಕ ತೆಗೆದು ಒರೆಸಿ, ಹೆಂಡತಿಯ ಕಡೆ ನೋಡಿ ಏನೋ ಅಂದ.

“ಏನಂದ್ರಿ?” ಅಂದಳು ಪುಷ್ಪಲತಾ.

“ಸ್ವಲ್ಪ ಮೆಲ್ಲಗೆ ಮಾತಾಡಿದ್ರೆ ಆಗ್ತಿತ್ತು ಅಂದೆ.”

ಹೇಳಿದ್ದು ಸಾಲದು ಅಂತ ಅದನ್ನು ಎರಡು ಸಲ ಕೇಳಿಸಿಕೊಳ್ಳಬೇಕಾದ ಕರ್ಮ ಅವಳದು.

ಈ ಗಂಟಲು ಅವಳಿಗೆ ಎಲ್ಲಿಂದ ಬಂತು ಅಂದರೆ ಅರಸೀಕೆರೆಯಿಂದ. ಅವಳ ತವರುಮನೆ ಅಲ್ಲಿ ರೈಲು ಹಳಿಗೆ ಅಂಟಿಕೊಂಡೇ ಇದೆ. ಅಪ್ಪನದು ಕೊಬ್ಬರಿ ವ್ಯಾಪಾರ. ಮುಂದಿನ ಅಂಗಳದಲ್ಲಿ ದಿನವಿಡೀ ಆಳುಗಳು ಕಾಯಿ ಒಡೆಯುವ ಸದ್ದು, ಹಿಂದೆ ಹಗಲೂ ರಾತ್ರಿ ರೈಲು. ಆ ಮನೆಗೆ ಅದರದ್ದೇ ಕಾನೂನು. ಪ್ಯಾಸೆಂಜರ್ ಬಂದರೆ ದನಿ ಏರಿಸಬೇಕು, ಗೂಡ್ಸು ಬಂದರೆ ಮಾತು ನಿಲ್ಲಿಸಬೇಕು. ಗೂಡ್ಸಿನ ಐವತ್ತು ಚಿಲ್ಲರೆ ಡಬ್ಬಿ ದಾಟುವ ತನಕ ಎಲ್ಲರೂ ಕೈಯಲ್ಲಿನ ತುತ್ತು ಕೈಯಲ್ಲೇ ಹಿಡಿದು ಕೂತು, ಕೊನೆಯ ಡಬ್ಬಿ ಹೋದ ಕೂಡಲೇ ಬಿಟ್ಟ ಅಕ್ಷರದಿಂದ ಮುಂದುವರಿಸುವುದು. “ನಿಮ್ಮಪ್ಪ ಬಾಣಾ” ಎಂದು ನಿಂತ ಅಮ್ಮ ಮೂರು ನಿಮಿಷ ಬಿಟ್ಟು “ವರಕ್ಕೆ ಹೋಗವ್ರೆ” ಎನ್ನುತ್ತಿದ್ದಳು. ಗೂಡ್ಸು ಹೋಗುವಾಗ ಆಡಿದ ಮಾತು ಆ ಮನೆಯಲ್ಲಿ ಆಡಿದ ಮಾತೇ ಅಲ್ಲ. ಕೇಳಿಸಲಿಲ್ಲ ಅಂದರೆ ತಪ್ಪು ಆಡಿದವರದ್ದು.

ಬಸವಕುಮಾರ ಬೆಳೆದದ್ದು ಇದೇ ಬೇಲೂರಿನ ಮನೆಯಲ್ಲಿ. ಅವನ ಅಪ್ಪ ಬೆಳಿಗ್ಗೆ ಆರಕ್ಕೆ ಲಿಂಗಪೂಜೆಗೆ ಕೂತರೆ ಏಳುತ್ತಿದ್ದದ್ದು ಎಂಟೂವರೆಗೆ. ಅಷ್ಟು ಹೊತ್ತು ಮನೆಯಲ್ಲಿ ಒಂದು ಲೋಟ ಸದ್ದಾಗಬಾರದು. ಮಕ್ಕಳು ಹಸಿವನ್ನು ಕಣ್ಣಲ್ಲೇ ಹೇಳುತ್ತಿದ್ದರು, ಶಾಲೆಗೆ ಹೊತ್ತಾಯಿತು ಎಂಬುದನ್ನು ಬೆರಳಲ್ಲಿ. ಅಪ್ಪ ತೀರಿಕೊಂಡು ಹದಿನೆಂಟು ವರ್ಷವಾದರೂ ಆ ಪೂಜೆ ಇವನ ಗಂಟಲಲ್ಲಿ ಇನ್ನೂ ಮುಗಿದಿಲ್ಲ. ತಾಲ್ಲೂಕು ಕಚೇರಿಯ ಎದುರು ಕೂತು ಕ್ರಯಪತ್ರ, ವಿಭಾಗಪತ್ರ ಬರೆದುಕೊಡುವ ಕೆಲಸ ಅವನದು. ಅಲ್ಲಿ ಆ ಮೆಲುದನಿಗೆ ಭಾರಿ ಬೆಲೆ. ಜನ ಕೈಕಟ್ಟಿ, ಮುಂದಕ್ಕೆ ಬಾಗಿ ಕೇಳುತ್ತಾರೆ. ಬಸವಕುಮಾರಪ್ಪನವರು ಎಷ್ಟು ತೂಕದ ಮನುಷ್ಯ ಅನ್ನುತ್ತಾರೆ. ಅದೇ ಜನ ಅವನ ಹೆಂಡತಿಯ ಬಗ್ಗೆ ಏನನ್ನುತ್ತಾರೆ ಎಂಬುದು ಅವಳಿಗೆ ಗೊತ್ತು.

ಮದುವೆಯಾದ ಮೂರನೇ ದಿನವೇ ಶುರುವಾದದ್ದು. ಹೊಸ ಸೊಸೆ ಹಿತ್ತಲಿಂದ “ಅತ್ತೇ, ನೀರು ಕಾದೈತೆ” ಅಂದದ್ದಕ್ಕೆ ಪೂಜೆಗೆ ಕೂತಿದ್ದ ಮಾವನ ಕೈಯಿಂದ ವಿಭೂತಿ ಗಟ್ಟಿ ಜಾರಿ ಬಿತ್ತು. ಅವತ್ತು ಗಂಡ ಪಕ್ಕಕ್ಕೆ ಕರೆದು ಹೇಳಿದ ಮೊದಲ ಬುದ್ಧಿಮಾತು, “ಸ್ವಲ್ಪ ಮೆಲ್ಲಗೆ.” ಆಮೇಲೆ ಬಸ್ಸಿನಲ್ಲಿ ಮೆಲ್ಲಗೆ, ಮಠದಲ್ಲಿ ಮೆಲ್ಲಗೆ, ಫೋನಿನಲ್ಲಿ ಮೆಲ್ಲಗೆ. ಕೊನೆಗೆ ಹೆರಿಗೆ ವಾರ್ಡಿನ ಬಾಗಿಲಲ್ಲಿ ನಿಂತೂ ಮೆಲ್ಲಗೆ. ಹೆರಿಗೆ ನೋವಿನಲ್ಲಿ ಕೂಗುವವಳಿಗೆ ಯಾರಾದರೂ ಮೆಲ್ಲಗೆ ಅನ್ನುತ್ತಾರೆಯೇ? ಈ ಮಹಾನುಭಾವ ಅಂದಿದ್ದ. ಅದನ್ನು ಅವಳು ಇವತ್ತಿಗೂ ಮರೆತಿಲ್ಲ, ಮರೆಯುವ ಇರಾದೆಯೂ ಇಲ್ಲ.

ಪ್ರಯತ್ನ ಮಾಡಲಿಲ್ಲ ಅಂತಲ್ಲ. ಮೊದಲನೇ ಆಷಾಢ ಮುಗಿಸಿ ತವರಿನಿಂದ ಬಂದವಳು ಒಂದು ತಿಂಗಳು ಪಿಸುಪಿಸು ಮಾತಾಡಿ ನೋಡಿದಳು. ಕತ್ತಿನ ನರ ಹಿಡಿದುಕೊಂಡಿತು, ತಲೆನೋವು ಬಂತು. ಹುಡುಗಿಗೆ ಏನೋ ಆಗಿದೆ ಎಂದು ಅತ್ತೆಯೇ ಗಾಬರಿಯಾಗಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಅಲ್ಲಿಗೆ ಆ ಪ್ರಯತ್ನ ಮುಗಿಯಿತು. ಗಂಡನ ಮೆಲ್ಲಗೆ ಮಾತ್ರ ಮುಗಿಯಲಿಲ್ಲ, ಇಪ್ಪತ್ತಾರು ವರ್ಷ ನಡೆಯಿತು.

ಕಡೂರಿನವರು ಹೋದ ತಿಂಗಳಿಗೆ ಮರುಳಪ್ಪನವರೇ ಇನ್ನೊಂದು ಸಂಬಂಧ ತಂದರು. ಹಳೇಬೀಡಿನ ನಂಜುಂಡಯ್ಯನವರ ಮಗ ಅರುಣ್‌ಕುಮಾರ್, ದನದ ಆಸ್ಪತ್ರೆಯಲ್ಲಿ ಡಾಕ್ಟರು. ಎರಡು ವಾರ ಫೋನಿನಲ್ಲಿ ಮಾತಾಡಿ ಶಿಲ್ಪಶ್ರೀ ಒಪ್ಪಿಯೂ ಆಗಿತ್ತು. ಭಾನುವಾರ ಹಿರಿಯರು ಬಂದು ಕೂತು ಮಾತಾಡುವುದೊಂದು ಬಾಕಿ. ಬುಧವಾರ ಊಟಕ್ಕೆ ಕೂತಾಗ ಬಸವಕುಮಾರ ತಟ್ಟೆ ನೋಡುತ್ತಾ ಏನೋ ಅಂದ.

“ಏನಂದ್ರಿ?”

“ಮೀನಾಕ್ಷಿಗೆ ಬರೋಕೆ ಹೇಳಿದ್ದೀನಿ. ಭಾನುವಾರ ಬಂದೋರ ಜೊತೆ ಪಡಸಾಲೇಲಿ ಅವಳು ಕೂತ್ಕೋತಾಳೆ. ನೀನು ಒಳಗೆ ಅಡುಗೆ ಕಡೆ ನೋಡ್ಕೊಂಡ್ರೆ...”

ಮೀನಾಕ್ಷಿ ಅವನ ತಂಗಿ. ಅದೇ ಮನೆಯಲ್ಲಿ, ಅದೇ ಪೂಜೆಯ ನಿಶ್ಶಬ್ದದಲ್ಲಿ ಬೆಳೆದವಳು. ಅವಳು ಕೆಮ್ಮಿದರೂ ಸೆರಗು ಅಡ್ಡ ಹಿಡಿದು ಕೆಮ್ಮುತ್ತಾಳೆ. ಪುಷ್ಪಲತಾ ಬಡಿಸುತ್ತಿದ್ದ ಸೌಟನ್ನು ಪಾತ್ರೆಯಲ್ಲೇ ಬಿಟ್ಟಳು.

“ತಾಯಿ ಎಲ್ಲಿ ಅಂತ ಅವ್ರು ಕೇಳಿದ್ರೆ?”

“ಗಂಟಲು ಕಟ್ಟಿದೆ ಅಂತ ಹೇಳಿದ್ರಾಯ್ತು.”

ಈ ಮಾತು ಮಾತ್ರ ಅವಳಿಗೆ ಒಂದೇ ಸಲಕ್ಕೆ ಕೇಳಿಸಿತು. ಇಷ್ಟು ವರ್ಷದಲ್ಲಿ ಒಂದು ದಿನವೂ ಕಟ್ಟದ ಗಂಟಲನ್ನು ಈ ಮನುಷ್ಯ ಕೂತಲ್ಲೇ ಕಟ್ಟಿಹಾಕಿದ್ದ. ಅವಳಿಗೆ ಅವಮಾನವಾಯಿತು. ಅವಮಾನಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು.

“ಹೆತ್ತೋಳು ನಾನು,” ಅಂದಳು. “ನನ್ ಮಗಳ ಮಾತುಕತೇಲಿ ನಾನು ಒಳಗೆ ಒಗ್ಗರಣೆ ಹಾಕ್ಕೊಂಡಿರ್ಬೇಕು, ನಿಮ್ ತಂಗಿ ಬಂದು ನನ್ ಕುರ್ಚೀಲಿ ಕೂರ್ಬೇಕು. ಚೆನ್ನಾಗೈತೆ ಕಣ್ರೀ ನಿಮ್ ನ್ಯಾಯ.”

“ಪುಷ್ಪಾ, ಸ್ವಲ್ಪ ಮೆ...” ಅಂದವನು ಅಲ್ಲಿಗೇ ನಿಲ್ಲಿಸಿದ.

ಶಿಲ್ಪಶ್ರೀ ಮಧ್ಯೆ ಬಾಯಿ ಹಾಕಿದಳು. “ಅಮ್ಮ, ಒಂದು ದಿನದ ಮಟ್ಟಿಗೆ ತಾನೇ? ಪ್ಲೀಸ್.”

ಆ ಪ್ಲೀಸ್ ಗಂಡನ ಮಾತಿಗಿಂತ ಆಳಕ್ಕೆ ಇಳಿಯಿತು. ಶಿಲ್ಪಶ್ರೀಗೂ ತಾಯಿಯದೇ ಗಂಟಲು. ಅವಳು ಶಾಲೆಯಲ್ಲಿ ಗಣಿತದ ಟೀಚರು, ಮೈಕಿಲ್ಲದೆ ಇಡೀ ಮೈದಾನಕ್ಕೆ ಕೇಳುವಂತೆ ಡ್ರಿಲ್ ಮಾಡಿಸುತ್ತಾಳೆ ಎಂದು ಹೆಡ್‌ಮಾಸ್ಟರು ಎಲ್ಲರ ಮುಂದೆ ಹೊಗಳುತ್ತಾರೆ. ಮನೆಗೆ ಬಂದು ಚಪ್ಪಲಿ ಬಿಡುವಾಗ ಆ ಗಂಟಲನ್ನೂ ಅಲ್ಲೇ ಬಿಟ್ಟು, ಅಪ್ಪನ ದನಿ ಹಾಕಿಕೊಂಡು ಒಳಗೆ ಬರುತ್ತಾಳೆ.

“ಕೂತ್ಕೊಂಡ್ರೆ ನನ್ ಗಂಟಲ ಸಮೇತ ಕೂತ್ಕೋತೀನಿ,” ಅಂದಳು ಪುಷ್ಪಲತಾ. “ಬೇಡ ಅಂದ್ರೆ ಭಾನುವಾರ ನಾನು ಈ ಮನೇಲೇ ಇರಲ್ಲ. ಯಾವುದು ಬೇಕು ಅಂತ ನೀವೇ ಹೇಳಿ.”

ಅವನು ತಟ್ಟೆಯಲ್ಲೇ ಕೈ ತೊಳೆದು ಎದ್ದುಹೋದ. ಬೆಳಿಗ್ಗೆ ಎದುರುಮನೆ ಬೋರಮ್ಮ ರಂಗೋಲಿ ಬಿಡುತ್ತಾ, “ಏನಕ್ಕ, ಭಾನುವಾರ ಊರಲ್ಲಿರಲ್ವಂತೆ?” ಅಂದಳು. ಪುಷ್ಪಲತಾ ಹೌದು ಅಂದು ಬ್ಯಾಗು ತೆಗೆದುಕೊಂಡು ಬಸ್‌ಸ್ಟ್ಯಾಂಡಿಗೆ ನಡೆದಳು.

ಬಸ್ಸಿನ ಗಡಗಡದಲ್ಲಿ ಅವಳ ದನಿ ಯಾರಿಗೂ ಹೆಚ್ಚೆನಿಸಲಿಲ್ಲ. ಪಕ್ಕದ ಹೆಂಗಸಿನೊಂದಿಗೆ ರಾಗಿ ಬೆಳೆಯ ವಿಚಾರ ಮಾತಾಡಿದಳು, ಆ ಹೆಂಗಸೂ ಅಷ್ಟೇ ಜೋರಾಗಿ ಉತ್ತರ ಕೊಟ್ಟಳು, ಯಾರೂ ತಿರುಗಿ ನೋಡಲಿಲ್ಲ. ಹಳೇಬೀಡಿನಲ್ಲಿ ಬಸ್ಸು ನಿಂತಾಗ ಮಾತ್ರ ಅವಳು ಸುಮ್ಮನಾದಳು. ಮಗಳು ಬರಬೇಕಾದ ಊರು. ಇಲ್ಲೂ ಒಂದು ಮನೆ, ಒಬ್ಬ ಅತ್ತೆ, ಒಬ್ಬ ಮಾವ. ಮದುವೆಯಾದ ಮೂರನೇ ದಿನ ಶಿಲ್ಪಶ್ರೀಯನ್ನೂ ಯಾರಾದರೂ ಪಕ್ಕಕ್ಕೆ ಕರೆದು ಆ ಎರಡು ಪದ ಹೇಳುತ್ತಾರೆ. ಅವಳ ಕತ್ತಿನ ನರವೂ ಒಂದು ತಿಂಗಳು ಹಿಡಿದುಕೊಂಡು ನೋಯುತ್ತದೆ. 

ಅರಸೀಕೆರೆಯಲ್ಲಿ ಅಮ್ಮ ಸುವರ್ಣಮ್ಮ ಎಲ್ಲವನ್ನೂ ಕೇಳಿದಳು. ಎಪ್ಪತ್ತಾರು ವರ್ಷದ ಮುದುಕಿ, ಗಂಟಲು ಮಾತ್ರ ಇನ್ನೂ ಹರೆಯದ್ದು. “ಹೊಂದ್ಕೊಂಡು ಹೋಗ್ಬೇಕು ಕಣೇ,” ಎಂದಳು, ಸ್ಟೇಷನ್ನಿನ ಪ್ಲಾಟ್‌ಫಾರಂ ತನಕ ಕೇಳುವ ಹಾಗೆ.

“ಅವ್ರೂ ಹೊಂದ್ಕೋಬೇಕಲ್ಲವ್ವ.”

“ಅವ್ರು ಹೊಂದ್ಕೊಂಡಿಲ್ಲ ಅಂತ ನಿಂಗೆ ಹೆಂಗೆ ಗೊತ್ತು? ಅವ್ರು ಮಾತಾಡಿದ್ದು ನಿಂಗೆ ಕೇಳ್ಸಿದ್ರಲ್ಲವೇ.”

ಹೆತ್ತ ತಾಯಿಯೂ ಅಳಿಯನ ಕಡೆಗೇ. ಪುಷ್ಪಲತಾ ಎದ್ದು ಅಂಗಳಕ್ಕೆ ಹೋಗಿ ಆಳುಗಳ ಜೊತೆ ಕೂತು ಕಾಯಿ ಒಡೆಯತೊಡಗಿದಳು. ಎರಡು ದಿನ ಒಡೆದಳು. ಅವಳ ತಮ್ಮ ಶಶಿಕಿರಣ್, “ಅಕ್ಕ, ಇನ್ನೂ ಒಂದು ತಿಂಗಳು ಅಟ್ಟದ ಮೇಲೆ ಒಣಗ್ಬೇಕಾದ ಕಾಯಿನೂ ಒಡೆದ್ಬಿಟ್ಟೆ,” ಅಂದ. ಅವಳ ಮುಖ ನೋಡಿ ಅಲ್ಲಿಂದ ಕಾಲ್ಕಿತ್ತ.

ಶನಿವಾರ ಮಧ್ಯಾಹ್ನ ಬಸವಕುಮಾರ ಬಂದ. ಇಸ್ತ್ರಿ ಅಂಗಿ, ಕೈಯಲ್ಲಿ ಹಣ್ಣಿನ ಕವರು. ಜಗುಲಿಯ ಬೆಂಚಿನ ಒಂದು ತುದಿಯಲ್ಲಿ ಅವನು ಕೂತ. ಇವಳು ಅಂಗಳದ ಆಚೆ, ಕಾಯಿ ರಾಶಿಯ ಹತ್ತಿರ ಸ್ಟೂಲಿನ ಮೇಲೆ.

ಅವನು ಏನೋ ಅಂದ. “ಏನಂದ್ರಿ?” ಅಂದಳು. ಊಟ ಆಯ್ತಾ ಅಂದನಂತೆ. ಮತ್ತೇನೋ ಅಂದ. “ಗಟ್ಟಿಯಾಗಿ ಹೇಳ್ರೀ, ಕೇಳ್ಸಲ್ಲ,” ಅಂದಳು. ಅವನ ಮುಖದಲ್ಲಿ ಒಂದು ಸುಸ್ತು ಕಂಡಿತು. ಎದ್ದು ಅಂಗಳದ ಅರ್ಧಕ್ಕೆ ಬಂದು ನಿಂತ.

“ನಾನು ಮೆಲ್ಲಗೆ ಅಂದಿದ್ದೆಲ್ಲ ನಿಂಗೆ ನೆನಪಿದೆ. ನೀನು ದಿನಕ್ಕೆ ಹತ್ತು ಸಲ ಗಟ್ಟಿಯಾಗಿ ಹೇಳ್ರೀ ಅಂದಿದ್ದು ನಂಗೂ ನೆನಪಿದೆ. ಜನರ ಮುಂದೆನೂ ಅಂದಿದ್ದೀಯ.”

ಪುಷ್ಪಲತಾ ಹಾಗೆ ಅನ್ನದೆ ಇದ್ದ ಒಂದು ದಿನವನ್ನು ನೆನಪಿಸಿಕೊಳ್ಳಲು ನೋಡಿದಳು, ಸಿಗಲಿಲ್ಲ. ಹಾಗಂತ ಸೋಲುವ ಜಾತಿ ಅವಳದಲ್ಲ.

“ಅದೂ ಇದೂ ಒಂದೇನ್ರೀ? ನಿಮ್ಗೆ ಗಂಟಲೇ ಇಲ್ಲ ಅಂತ ಹೇಳಿ, ಒಳಗೆ ಕೂರ್ಸಿ, ನಿಮ್ ಕುರ್ಚೀಲಿ ನನ್ ತಮ್ಮನ್ನ ಕೂರ್ಸಿದ್ನಾ ನಾನು?”

ಅವನು ಇಲ್ಲ ಎಂದು ತಲೆಯಾಡಿಸಿದ. ಅಷ್ಟರಲ್ಲಿ ಹಿಂದೆ ಗೂಡ್ಸು ಬಂತು. ಕಾಯಿ ಒಡೆಯುವವರ ಕೈ ನಿಂತಿತು. ಒಳಗೆ ಸುವರ್ಣಮ್ಮ ಯಾರಿಗೋ ಏನೋ ಹೇಳುತ್ತಿದ್ದವಳು ಅರ್ಧಕ್ಕೆ ನಿಂತಳು. ಇಡೀ ಮನೆ ಬಾಯಿ ಮುಚ್ಚಿಕೊಂಡು ಕೂತಿತು.

ಬಸವಕುಮಾರ ಮಾತಾಡತೊಡಗಿದ. ಇಷ್ಟು ವರ್ಷ ಈ ಮನೆಗೆ ಬಂದು ಹೋಗಿ ಮಾಡಿದ ಅಳಿಯ, ಗೂಡ್ಸಿಗೆ ನಿಲ್ಲಿಸಬೇಕು ಎಂಬಷ್ಟನ್ನೂ ಕಲಿತಿರಲಿಲ್ಲ. ತನ್ನ ಅದೇ ದನಿಯಲ್ಲಿ, ನೆಲ ನೋಡುತ್ತಾ, ಒಂದೊಂದೇ ಮಾತು ಹುಡುಕಿ ಹುಡುಕಿ ಹೇಳುತ್ತಾ ಹೋದ. ಡಬ್ಬಿಗಳು ದಾಟುತ್ತಲೇ ಇದ್ದವು. ಅವಳಿಗೆ ಕಂಡದ್ದು ಅಲುಗುವ ತುಟಿ ಮಾತ್ರ. ಒಂದು ಸಲ ಅವನು ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡ. ಕೊನೆಯ ಡಬ್ಬಿ ದಾಟುವ ಹೊತ್ತಿಗೆ ಅವನ ಮಾತೂ ಮುಗಿದಿತ್ತು. ಹೇಳುವುದನ್ನೆಲ್ಲ ಹೇಳಿದೆ ಎಂಬಂತೆ ತಲೆಯೆತ್ತಿ, ಅವಳ ಉತ್ತರಕ್ಕೆ ಕಾಯುತ್ತಾ ನಿಂತ.

ಅವಳ ಬಾಯಿಗೆ ಏನಂದ್ರಿ ಎಂಬುದು ಬಂದೇಬಿಟ್ಟಿತ್ತು. ಹಲ್ಲು ಕಚ್ಚಿ ತಡೆದಳು. ಎಷ್ಟು ಮಾತು ಹೀಗೆ ಹೋಗಿರಬಹುದು ಎಂದು ಮೊದಲ ಸಲ ಅವಳಿಗೆ ಅನ್ನಿಸಿತು. ಅಡುಗೆಮನೆಯ ಬಾಗಿಲಲ್ಲಿ ನಿಂತು ಅಂದದ್ದು, ಮಿಕ್ಸಿ ತಿರುಗುವಾಗ ಅಂದದ್ದು, ಅವಳು ಏನಂದ್ರಿ ಅಂದಾಗ ಏನಿಲ್ಲ ಬಿಡು ಎಂದು ಹೊರಟುಹೋದದ್ದು. ಆ ಏನಿಲ್ಲದಲ್ಲಿ ಏನೇನಿತ್ತೋ. ನಾಚಿಕೆಯಾಯಿತು, ಆ ನಾಚಿಕೆ ತಂದದ್ದಕ್ಕೆ ಅವನ ಮೇಲೆ ಇನ್ನಷ್ಟು ಸಿಟ್ಟೂ ಬಂತು. ಎದ್ದು, ಸ್ಟೂಲು ಎಳೆದುಕೊಂಡು ಅಂಗಳ ದಾಟಿ, ಅವನನ್ನು ಬೆಂಚಿನ ಮೇಲೆ ಕೂರಿಸಿ, ಮೊಣಕಾಲಿಗೆ ಮೊಣಕಾಲು ತಗಲುವಷ್ಟು ಹತ್ತಿರ ಕೂತಳು.

“ಗೂಡ್ಸು ಹೋಗ್ತಿತ್ತು. ಒಂದಕ್ಷರ ಕೇಳ್ಸಿಲ್ಲ,” ಅಂದಳು. “ಇನ್ನೊಂದ್ಸಲ ಹೇಳಿ. ನಿಮ್ ದನಿಲೇ ಹೇಳಿ. ಇಲ್ಲೇ ಇದ್ದೀನಿ.”

ಅವನು ಹೇಳಿದ. ಮೀನಾಕ್ಷಿಗೆ ಬರುವುದು ಬೇಡ ಅಂದಿದ್ದಾನೆ. ಗಂಟಲು ಕಟ್ಟಿದೆ ಅನ್ನೋಣ ಅಂದದ್ದು ತಪ್ಪಾಯಿತು, ಆ ಮಾತು ನೆನೆದು ಮೂರು ದಿನದಿಂದ ಊಟ ಸೇರುತ್ತಿಲ್ಲ. “ನಂಗೆ ಜೋರಾಗಿ ಮಾತಾಡೋಕೆ ಬರಲ್ಲ ಪುಷ್ಪಾ. ನಿಂಗೆ ಮೆಲ್ಲಗೆ ಬರಲ್ಲ. ಒಬ್ರಿಗೊಬ್ರು ಕಲಿಸಿದ್ದು ಸಾಕು. ನಾಳೆ ನೀನಿಲ್ದೆ ನಾನು ಆ ಪಡಸಾಲೇಲಿ ಕೂರಲ್ಲ.”

ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು. “ಬತ್ತೀನಿ,” ಅಂದಳು. “ಆದ್ರೆ ಹೆರಿಗೆ ವಾರ್ಡಿಂದು ಮಾತ್ರ ನಾನು ಬಿಡಲ್ಲ.”

“ಬಿಡ್ಬೇಡ ಕಣೇ,” ಅಂದಳು ಒಳಗಿನಿಂದ ಸುವರ್ಣಮ್ಮ.

ಭಾನುವಾರ ಹನ್ನೊಂದಕ್ಕೆ ನಂಜುಂಡಯ್ಯ, ಅವರ ಹೆಂಡತಿ ಜಾನಕಮ್ಮ, ಮಗ ಅರುಣ್‌ಕುಮಾರ್ ಬಂದರು, ಜೊತೆಗೆ ಮರುಳಪ್ಪ. ಈ ಸಲ ಗೇಟಿನಲ್ಲಿ ನಿಂತು ಒಳಗಿನ ಮಾತು ಕೇಳುವ ತಾಪತ್ರಯ ಯಾರಿಗೂ ಬೇಡ ಎಂದು ಪುಷ್ಪಲತಾ ತಾನೇ ಗೇಟಿನಲ್ಲಿ ನಿಂತಿದ್ದಳು. “ಬನ್ನಿ, ಒಳಗೆ ಬನ್ನಿ,” ಅಂದಳು. ತನ್ನನ್ನೇ ಕರೆದರೆಂದು ಬೋರಮ್ಮನೂ ಹೊರಗೆ ಬಂದಳು.

ಪಡಸಾಲೆಯಲ್ಲಿ ಅವಳು ತನ್ನ ಕುರ್ಚಿಯನ್ನು ಗಂಡನ ಕುರ್ಚಿಗೆ ಅಂಟಿಸಿ ಹಾಕಿಕೊಂಡಿದ್ದಳು. ಮಾತು ಚೆನ್ನಾಗಿಯೇ ನಡೆಯಿತು. ಮದುವೆಯಾದ ಮೇಲೂ ಹುಡುಗಿ ಕೆಲಸಕ್ಕೆ ಹೋಗುತ್ತಾಳಾ ಎಂದು ನಂಜುಂಡಯ್ಯ ಕೇಳಿದರು. ಆ ಪ್ರಶ್ನೆಗೆ ಪುಷ್ಪಲತಾ ಉತ್ತರ ಕೊಟ್ಟಳು. “ಹೋಗ್ತಾಳೆ. ಬಿಡೋ ಮಾತೇ ಇಲ್ಲ.”

ಜಾನಕಮ್ಮನ ಕೈಯ ಲೋಟ ಅಲುಗಿ ಕಾಫಿ ಸೀರೆಯ ಮೇಲೆ ತುಳುಕಿತು. ಅವರು ನಗುತ್ತಲೇ ಅಂದರು, ಆದರೆ ನಗುವಿನೊಳಗೆ ಮೊನೆಯಿತ್ತು. “ನಾವು ಇಲ್ಲೇ ಇದ್ದೀವಿ ಕಣ್ರೀ. ಅಷ್ಟು ಜೋರು ಯಾಕೆ?”

 ಮರುಳಪ್ಪ ನೆಲ ನೋಡಿದರು. ಶಿಲ್ಪಶ್ರೀ ಅಪ್ಪನ ಕಡೆ ನೋಡಿದಳು.  ಬಸವಕುಮಾರ ಕಾಫಿ ಲೋಟ ಕೆಳಗಿಟ್ಟು ಕನ್ನಡಕ ಸರಿಮಾಡಿಕೊಂಡ. ಪುಷ್ಪಲತಾಗೆ ಆ ಕನ್ನಡಕ ಗೊತ್ತು, ಅದರ ಹಿಂದೆ ಬರುವ ಎರಡು ಪದವೂ ಗೊತ್ತು. ಇವತ್ತು ಅದು ಬಂದರೆ ಎದ್ದು ಹೋಗುತ್ತೇನೆ ಎಂದು ಕುರ್ಚಿಯ ಕೈ ಹಿಡಿದುಕೊಂಡಳು.

ಅವನು ಮಾತಾಡಿದ, ಎಂದಿನ ದನಿಯಲ್ಲೇ.

“ಏನಂದ್ರಿ?” ಅಂದರು ನಂಜುಂಡಯ್ಯ. ಮರುಳಪ್ಪ ಕಿವಿಗೆ ಕೈ ಹಚ್ಚಿದರು. ಎದುರಿಗೆ ಕೂತ ಮಗಳಿಗೂ ಕೇಳಿಸಿರಲಿಲ್ಲ. ಕೇಳಿಸಿದ್ದು ಒಬ್ಬಳಿಗೆ. ಅವಳ ಕಣ್ಣು ತುಂಬಿ ಬಂತು, ಇಂಥ ಹೊತ್ತಲ್ಲಿ ತುಂಬಿದ್ದಕ್ಕೆ ಕಣ್ಣಿನ ಮೇಲೂ ಸಿಟ್ಟು ಬಂತು.

“ನಾನು ಹೇಳ್ತೀನಿ,” ಅಂದಳು, ಪ್ಯಾಸೆಂಜರ್ ರೈಲಿಗೆ ಏರಿಸುವ ದನಿಯಲ್ಲಿ. “ನಮ್ಮನೆಯವ್ರು ಹೇಳ್ತಾವ್ರೆ, ಪುಷ್ಪ ಮಾತಾಡೋದು ಹಿಂಗೇ ಅಂತೆ. ಜಗಳ ಅಲ್ವಂತೆ. ಮಗಳಿಗೂ ಇದೇ ಗಂಟಲಂತೆ. ನಿಮ್ಮನೆಗೆ ಬಂದ್ಮೇಲೆ ಯಾರೂ ಅವಳಿಗೆ ಸ್ವಲ್ಪ ಮೆಲ್ಲಗೆ ಅನ್ಬಾರ್ದಂತೆ. ಇವ್ರು ಇಪ್ಪತ್ತಾರು ವರ್ಷ ಅಂದು ನೋಡಿದ್ರಂತೆ, ಏನೂ ಪ್ರಯೋಜನ ಆಗ್ಲಿಲ್ವಂತೆ.”

ಜಾನಕಮ್ಮ ಸೀರೆ ಒರೆಸಿಕೊಳ್ಳುವುದನ್ನು ನಿಲ್ಲಿಸಿದರು. ಮೊದಲು ನಕ್ಕವನು ಅರುಣ್‌ಕುಮಾರ್. ಶಿಲ್ಪಶ್ರೀ ಎದ್ದು ನಿಂತು, ಶಾಲೆಯ ಮೈದಾನಕ್ಕೆ ಕೇಳುವ ತನ್ನ ನಿಜವಾದ ದನಿಯಲ್ಲಿ, “ಅತ್ತೆ, ಇನ್ನೊಂದು ಲೋಟ ಕಾಫಿ ತರ್ಲಾ?” ಅಂದಳು. ಜಾನಕಮ್ಮ ಮಗನ ಮುಖ ನೋಡಿದರು, ಹುಡುಗಿಯ ಮುಖ ನೋಡಿದರು. “ತಗೊಂಡು ಬಾರಮ್ಮ,” ಅಂದರು.

ಆಗ ಬಸವಕುಮಾರ ಮತ್ತೇನೋ ಅಂದ. ಈ ಸಲ ಯಾರೂ ಏನಂದ್ರಿ ಅನ್ನಲಿಲ್ಲ. ಎಲ್ಲರೂ ಪುಷ್ಪಲತಾಳ ಕಡೆ ತಿರುಗಿದರು.